ತುಂಬು ತೋಳಿನ ಕುಪ್ಪಸ

ರಾವ್‌ಪುರ, ವಡೋದರಾ
೬ ಸೆಪ್ಟೆಂಬರ್ ೧೯೬೪, ರವಿವಾರ

ಪ್ರೀತಿಯ ಅವ್ವನಿಗೆ ನಿನ್ನ ನಳಿನಿಯ ನಮಸ್ಕಾರ.

ಈ ಲಕೋಟೆಯಲ್ಲಿ ಎರಡು ಪತ್ರಗಳಿವೆ. ತೆಳ್ಳಗಿರುವುದು ಅಜ್ಜಿಗೆ ಓದಿ ಹೇಳುವುದಕ್ಕೆ. ಅದರಲ್ಲಿ ಅಣ್ಣನಿಗೆ ವಿಮಾ ಕಚೇರಿಯಲ್ಲಿ ಬಡ್ತಿ ಆಗಬಹುದೆಂಬ ಸುದ್ದಿಯಿದೆ, ರಮಾಮಣಿ ಅತ್ತಿಗೆಯ ಸೊಂಟದ ನೋವಿದೆ, ಇಲ್ಲಿಯವರು ಸಾರಿಗೂ ಬೆಲ್ಲ ಹಾಕುತ್ತಾರೆಂಬ ದೂರಿದೆ. ಅದನ್ನು ಎಂದಿನ ಹಾಗೆ ಪಡಸಾಲೆಯಲ್ಲಿ ಕುಳಿತು ಗಟ್ಟಿಯಾಗಿ ಓದು. ಇದನ್ನು ಮಾತ್ರ ಒಬ್ಬಳೇ ಓದು. ಅಜ್ಜಿ ಮಧ್ಯಾಹ್ನ ಮಲಗಿದ ಮೇಲೆ ಹಿತ್ತಲಿಗೆ ಹೋಗಿ ಓದಿದರೂ ಆದೀತು. ಓದಿದ ಮೇಲೆ ಏನು ಮಾಡಬೇಕೆಂದು ನಾನು ಹೇಳಬೇಕಾಗಿಲ್ಲ. ವಿಷಯಗಳನ್ನು ಬಚ್ಚಿಡುವುದು ನನಗಿಂತ ನಿನಗೆ ಚೆನ್ನಾಗಿ ಬರುತ್ತದೆಂದು ಈಗ ನನಗೆ ಗೊತ್ತಾಗಿದೆ.

ನನ್ನ ಕೆಲಸದ ಬಗ್ಗೆ ನಿನಗೆ ಅರ್ಧವನ್ನಷ್ಟೇ ಹೇಳಿದ್ದೆ. ಸಮೀಕ್ಷೆ, ಮನೆಮನೆಗೆ ಹೋಗಿ ಬರೆದುಕೊಳ್ಳುವುದು ಎಂದಿದ್ದೆ. ಅದು ಸುಳ್ಳಲ್ಲ. ಆದರೆ ಸಿಡುಬಿನ ಸಮೀಕ್ಷೆ ಎಂದು ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಆ ಶಬ್ದವನ್ನು ಯಾರೂ ಆಡುವುದಿಲ್ಲವಲ್ಲ. 'ಆ ಬ್ಯಾಸಿಗಿ' ಎನ್ನುತ್ತೀರಿ, ಎಲ್ಲರಿಗೂ ತಿಳಿಯುತ್ತದೆ. ನಮ್ಮ ಡಾಕ್ಟರ ಹೆಸರು ಹರಿಪ್ರಸಾದ ಅಂಜಾರಿಯಾ. ಯಾವ ಓಣಿಯಲ್ಲಿ ಎಷ್ಟು ಮಕ್ಕಳಿಗೆ ಲಸಿಕೆ ಚುಚ್ಚಿಸಿ ದೇವಿ ಹಾಕಿಸಿದ್ದಾರೆ, ಹಾಕಿಸಿದ ಮೇಲೂ ಯಾರಿಗೆ ಸಿಡುಬು ಬಂತು, ಏಕೆ ಬಂತು ಎಂಬುದು ಅವರ ಸಂಶೋಧನೆ. ನಾವು ಮಕ್ಕಳ ಎಡಗೈಯನ್ನು ಬೆಳಕಿಗೆ ಹಿಡಿದು ಲಸಿಕೆಯ ಕಲೆ ಇದೆಯೇ ಎಂದು ನೋಡುತ್ತೇವೆ. ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ ಎಂದು ಬರೆಯುತ್ತೇವೆ. ಬಿ.ಎ.ಯಲ್ಲಿ ಹಳಗನ್ನಡ ಓದಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ಅಕ್ಷರ ಚೆನ್ನಾಗಿದೆ, ಗುಜರಾತಿ ಮಾತು ಬರುತ್ತದೆ, ಹೆಂಗಸು. ಇಷ್ಟು ಸಾಕಾಗಿತ್ತು.

ಇನ್ನೊಂದು ಕಾರಣವೂ ಇತ್ತು. ಕೆಲಸ ಕೇಳಲು ಹೋದ ದಿನ ಡಾಕ್ಟರು ಮೊದಲು ನನ್ನ ಮುಖ ನೋಡಿದರು, ಆಮೇಲೆ ಅರ್ಜಿ ನೋಡಿದರು. ಉಳಿದವರೆಲ್ಲ ನನ್ನ ಮುಖ ನೋಡಿ ಪಕ್ಕದ ಗೋಡೆಯತ್ತ ತಿರುಗುತ್ತಾರೆ. ಇವರು ತಿರುಗಲಿಲ್ಲ. ಪುಟ ಓದುವವರ ಹಾಗೆ ಹಣೆಯಿಂದ ಗಲ್ಲದವರೆಗೆ ನೋಡಿ, ನಾಳೆಯಿಂದ ಬನ್ನಿ ಎಂದರು.

ಏಕೆಂದು ಒಂದೇ ವಾರದಲ್ಲಿ ತಿಳಿಯಿತು. ನಮ್ಮ ತಂಡದ ಗಂಡಸರು ಹೋದರೆ ಬಾಗಿಲು ಹಾಕಿಕೊಳ್ಳುತ್ತಿದ್ದ ಹೆಂಗಸರು ನಾನು ನಿಂತರೆ ಹೊರಗೆ ಬರುತ್ತಿದ್ದರು. ಇಲ್ಲಿ ಸಿಡುಬು ಎಂದರೆ ರೋಗವಲ್ಲ, ಶೀತಳಾ ಮಾತೆಯೇ ಮೈಮೇಲೆ ಬರುವುದು. ಬಂದವಳು ನನ್ನನ್ನು ಕೊಂಡೊಯ್ಯದೆ ಬಿಟ್ಟು ಹೋಗಿದ್ದಾಳೆ. ಹಾಗಾಗಿ ನಾನು ಮಾತಾಜಿಯ ಮಗಳು. ಮುದುಕಿಯರು ನನ್ನ ಕೆನ್ನೆ ಮುಟ್ಟಿ ಕೈಯನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಹಸುಗೂಸುಗಳನ್ನು ತಂದು ನನ್ನ ಮಡಿಲಿಗೆ ಹಾಕುತ್ತಾರೆ. ಹೆಣ್ಣು ನೋಡಲು ಬಂದವರು ಉಪ್ಪಿಟ್ಟು ಅರ್ಧಕ್ಕೆ ಬಿಟ್ಟು ಎದ್ದುಹೋದ ಅದೇ ಮುಖ ಇಲ್ಲಿ ಬಾಗಿಲು ತೆರೆಸುತ್ತದೆ. ನಾನು ಬೇಡ ಎನ್ನಲಿಲ್ಲ. ಮಾತಾಡಿ ಬಿಡಿಸಿ ಹೇಳುವ ಧೈರ್ಯ ನನಗೆಲ್ಲಿದೆ? ಮನೆಯಲ್ಲಿ ಹೇಳಿದಾಗ ಅತ್ತಿಗೆ, "ಹಂಗಾರ ಒಂದು ಆರತಿ ತಟ್ಟಿನೂ ಹಿಡ್ಕೊಂಡು ಹೋಗು, ಪಗಾರದ ಜೋಡಿ ದಕ್ಷಿಣಿನೂ ಬರ್ತದ" ಎಂದಳು. ಅಣ್ಣ ನಕ್ಕ. ನಾನೂ ನಕ್ಕೆ ಎಂದು ನೆನಪು.

ಜೂನ್ ತಿಂಗಳಲ್ಲಿ ಹೊಸದಾಗಿ ಸೇರಿದವರಿಗೆ ತರಬೇತಿ ಇತ್ತು. ಲಸಿಕೆಯ ಕಲೆ ಯಾವುದು, ಸಿಡುಬಿನ ಕಲೆ ಯಾವುದು ಎಂದು ತೋರಿಸಬೇಕಿತ್ತು. ಸಿಡುಬಿನ ಕಲೆಗೆ ನನ್ನ ಕೈ ಆದೀತೇ ಎಂದು ಡಾಕ್ಟರು ಬಹಳ ಸಂಕೋಚದಿಂದ ಕೇಳಿದರು. ನಾನು ಕೈ ಚಾಚಿದೆ. ಅವರು ಅದನ್ನು ಕಿಟಕಿಯ ಹತ್ತಿರ ಒಯ್ದರು, ಮಾತು ಶುರು ಮಾಡಿದವರು ನಿಲ್ಲಿಸಿದರು. ಮೊಣಕೈಯ ಕೆಳಗೆ, ಉಳಿದ ಕುಳಿಗಳ ನಡುವೆ, ಎರಡು ದುಂಡು ಕಲೆಗಳು. ಎರಡೂ ಒಂದೇ ಗಾತ್ರ, ಒಂದರ ಕೆಳಗೆ ಒಂದು, ನೇರವಾಗಿ. ಇಷ್ಟು ವರ್ಷ ಆ ಕೈಯಿಂದಲೇ ಊಟಕ್ಕೆ ಬಡಿಸಿದ್ದೇನೆ, ಬಟ್ಟೆ ಒಗೆದಿದ್ದೇನೆ. ಎಂದೂ ನೋಡಿರಲಿಲ್ಲ. ನಿಮಗೆ ದೇವಿ ಹಾಕಿಸಿದ್ದು ಯಾರು ಎಂದು ಡಾಕ್ಟರು ಕೇಳಿದರು. ನನಗೆ ಹಾಕಿಸಿಯೇ ಇಲ್ಲ ಎಂದೆ.

"ಮಾತಾಜಿ ಅಳತೆಪಟ್ಟಿ ಹಿಡಿದು ಕಲೆ ಹಾಕೋದಿಲ್ಲ, ನಳಿನಿಬೆನ್" ಎಂದರು ಅವರು.

ಆಮೇಲೆ ವಿವರಿಸಿದರು. ಆಗಿನ ಔಷಧ ಸಣ್ಣ ನಳಿಗೆಗಳಲ್ಲಿ ಬರುತ್ತಿತ್ತಂತೆ. ಬಿಸಿಲಲ್ಲಿ ಎತ್ತಿನ ಗಾಡಿಯಲ್ಲೋ ಸೈಕಲ್ಲಿನಲ್ಲೋ ಹಳ್ಳಿ ಸೇರುವ ಹೊತ್ತಿಗೆ ಅದರ ಜೀವ ಹೋಗಿರುತ್ತಿತ್ತಂತೆ. ಸೂಜಿ ಚರ್ಮವನ್ನು ಗಾಯ ಮಾಡುತ್ತದೆ, ಗಾಯ ಮಾಯ್ದು ಕಲೆ ಉಳಿಯುತ್ತದೆ, ಆದರೆ ರಕ್ಷಣೆ ಸಿಕ್ಕಿರುವುದಿಲ್ಲ. ಹೊಸ ಒಣ ಔಷಧಕ್ಕೆ ಬಿಸಿಲಿನ ಭಯ ಅಷ್ಟಿಲ್ಲ ಎಂದರು. ನಾನು ಕೈ ಹಿಂದಕ್ಕೆ ತೆಗೆದುಕೊಂಡು ನನ್ನ ಜಾಗಕ್ಕೆ ಹೋಗಿ ಕುಳಿತೆ. ಸಂಜೆ ಮನೆಗೆ ಬಂದು ರೊಟ್ಟಿ ತಿಂದೆ. ಏನೂ ಅನಿಸಲಿಲ್ಲ. ಅಣ್ಣನನ್ನು ಕೇಳಿದೆ. "ನಾ ಆಗ ಸಣ್ಣಾಂವ. ಅವ್ವ ಹಾಕಿಸಲಿಲ್ಲಂತ ಅಜ್ಜಿ ಅಂತಾಳಲ್ಲ" ಎಂದು ಪೇಪರು ಓದುವುದನ್ನು ಮುಂದುವರಿಸಿದ.

ಅಜ್ಜಿ ಅನ್ನುವುದು ನನಗೂ ನೆನಪಿದೆ. ಚುಚ್ಚುವವರು ಓಣಿಗೆ ಬಂದರೆ ನಮ್ಮನ್ನೆಲ್ಲ ಕಾಳಿನ ಕೋಣೆಯಲ್ಲಿ ಕೂಡಿಹಾಕಿ, ಸೂಜಿ ಹಚ್ಚಿದರೆ ದೇವಿ ಮುನಿಯುತ್ತಾಳೆ ಎನ್ನುತ್ತಿದ್ದವಳು ಅವಳೇ. ನನ್ನ ಮುಖ ಹೀಗಾದ ಮೇಲೆ, ಬಂದ ಬೀಗರ ಎದುರು, "ತಾಯಿ ಆದಾಕಿ ಒಮ್ಮೆ ಕರ್ಕೊಂಡು ಹೋಗಿ ಹಾಕಿಸಿದ್ರ ಹಿಂಗ ಆಗ್ತಿರಲಿಲ್ಲ" ಎನ್ನುತ್ತಿದ್ದವಳೂ ಅವಳೇ. ನೀನು ಚಹಾದ ಕಪ್ಪುಗಳನ್ನು ತೆಗೆದುಕೊಂಡು ಒಳಗೆ ಹೋಗುತ್ತಿದ್ದೆ. ನಾನು ಅದನ್ನು ಒಪ್ಪಿಗೆ ಎಂದುಕೊಂಡಿದ್ದೆ.

ಈಗ ಲೆಕ್ಕ ಹಾಕಿದರೆ ಎಲ್ಲ ಸರಿಹೋಗುತ್ತದೆ. ನೀನು ಅಜ್ಜಿಗೆ ಹೇಳದೆ ಹಾಕಿಸಿದ್ದೀ. ಬಹುಶಃ ತವರಿಗೆ ಹೋದಾಗ. ಹಾಕಿಸಿದ್ದೆ ಎಂದು ಬಾಯಿಬಿಟ್ಟರೆ, ಸೂಜಿಯಿಂದಲೇ ದೇವಿ ಮುನಿದು ಮಗುವಿನ ಮುಖ ತಿಂದಳು ಎಂದು ಅಜ್ಜಿ ಅನ್ನುತ್ತಿದ್ದಳು. ಸುಮ್ಮನಿದ್ದರೆ ಅಲಕ್ಷ್ಯ ಮಾಡಿದ ತಾಯಿ ಎಂಬ ಮಾತು. ಎರಡರಲ್ಲಿ ನೀನು ಒಂದನ್ನು ಆರಿಸಿಕೊಂಡು ಇಷ್ಟು ವರ್ಷ ಅದರಲ್ಲೇ ಇದ್ದೀ.

ಜುಲೈ ತಿಂಗಳಲ್ಲಿ ಡಾಕ್ಟರು ಒಂದು ವಿಷಯ ತೆಗೆದರು. ಗೋಡೆಗೆ ಅಂಟಿಸುವ ದೊಡ್ಡ ಚಿತ್ರಪತ್ರ ಮಾಡಿಸಬೇಕೆಂದಿದ್ದಾರೆ. ಅದರಲ್ಲಿ ನನ್ನ ಮುಖದ ಫೋಟೋ, ಕೆಳಗೆ ಗುಜರಾತಿಯಲ್ಲಿ ಎರಡು ಸಾಲು. 'ನನ್ನ ತಾಯಿ ನನಗೆ ಲಸಿಕೆ ಹಾಕಿಸಲಿಲ್ಲ. ನೀವು ನಿಮ್ಮ ಮಗುವಿಗೆ ಹಾಕಿಸಿ.' ಅಹಮದಾಬಾದಿನ ಮಿಲ್ಲುಗಳ ಮುಂದೆ, ನರೋಡಾದ ಕಡೆ ಹೊಸ ಕಾರ್ಖಾನೆಗಳೆದ್ದಲ್ಲಿ, ಸೂರತ್ತಿನ ಬಸ್ ನಿಲ್ದಾಣದಲ್ಲಿ, ಇಲ್ಲಿಯ ಸ್ಟೇಷನ್ನಿನಲ್ಲಿ ಅಂಟಿಸುತ್ತಾರೆ. ಕೈಯಲ್ಲಿ ಆ ಎರಡು ಕಲೆ ಕಾಣಬಾರದು, ತುಂಬು ತೋಳಿನ ಕುಪ್ಪಸ ಹಾಕಿಕೊಂಡು ಬಂದರೆ ಸಾಕು ಎಂದರು.

ನನ್ನ ತಾಯಿ ಹಾಕಿಸಿದ್ದಾಳೆ, ನೀವೇ ಅಲ್ಲವೇ ಕಂಡುಹಿಡಿದದ್ದು ಎಂದೆ.

"ನಿಮ್ಮ ಕೈಯ ವಿಷಯ ನನ್ನ ಲೇಖನದಲ್ಲಿ ಬರೀತೀನಿ, ಬೆನ್. ಅದನ್ನ ಡಾಕ್ಟರುಗಳು ಓದ್ತಾರೆ. ಗೋಡೆಯನ್ನ ತಾಯಂದಿರು ನೋಡ್ತಾರೆ."

ನಿಜವನ್ನೇ ಬರೆಯಬಹುದಲ್ಲ, ಒಮ್ಮೆ ಔಷಧ ಹತ್ತದಿದ್ದರೆ ಮತ್ತೊಮ್ಮೆ ಹಾಕಿಸಿ ಎಂದು ಬರೆಯಬಹುದಲ್ಲ ಎಂದೆ. ಅವರು ಕೋಪಿಸಿಕೊಳ್ಳಲಿಲ್ಲ. ಹಾಕಿಸಿದರೂ ಬರುತ್ತದೆ ಎಂಬ ಮೊದಲರ್ಧವನ್ನು ಮಾತ್ರ ಜನ ಕೇಳಿಸಿಕೊಳ್ಳುತ್ತಾರೆ, ಎರಡನೆಯ ಅರ್ಧ ಹೇಳುವಷ್ಟರಲ್ಲಿ ಬಾಗಿಲು ಮುಚ್ಚಿರುತ್ತದೆ ಎಂದರು. ನಾನು ಆಗುವುದಿಲ್ಲ ಎಂದೆ. ಯೋಚಿಸಿ ಎಂದರು. ನನ್ನ ತಾಯಿಯ ಮೇಲೆ ಸುಳ್ಳು ಹೊರಿಸುವುದಕ್ಕೆ ಯೋಚಿಸುವುದೇನಿದೆ ಎಂದು ಆಗ ಅಂದುಕೊಂಡಿದ್ದೆ.

ಈಗ ಕಂಕುಬೆನ್ ವಿಷಯ ಹೇಳಬೇಕು. ಮಕರಪುರದ ಹತ್ತಿರ ಕಾರ್ಖಾನೆ ಕಟ್ಟಡದ ಕೂಲಿಗೆ ಬಂದವರ ಸಾಲುಮನೆಗಳಿವೆ. ಅಲ್ಲಿ ಅವಳ ಮನೆ. ಗಂಡ ಇಟ್ಟಿಗೆ ಹೊರುತ್ತಾನೆ. ನಾಲ್ಕು ವರ್ಷದ ಮಗಳು ಚಂಪಾ, ಒಂದು ಕೈಗೂಸು ಗಂಡು. ಇಬ್ಬರಿಗೂ ದೇವಿ ಹಾಕಿಸಿರಲಿಲ್ಲ. ಆ ಸಾಲಿಗೆ ಹೋದಾಗಲೆಲ್ಲ ಅವಳ ಜಗುಲಿಯಲ್ಲಿ ಕುಳಿತು ನೀರು ಕುಡಿಯುತ್ತಿದ್ದೆ. ಚಂಪಾ ನನ್ನ ಮಡಿಲೇರಿ, ನನ್ನ ಕೆನ್ನೆಯ ಒಂದೊಂದೇ ಕುಳಿಯಲ್ಲಿ ಬೆರಳಿಟ್ಟು ನೋಡುತ್ತಿದ್ದಳು. ಮಸಾಲೆಯ ಕೈಯಾದರೆ ಉರಿಯುತ್ತಿತ್ತು. ನಾನು ಸುಮ್ಮನೆ ಕೂತಿರುತ್ತಿದ್ದೆ. ನನ್ನ ಮುಖವನ್ನು ಹಾಗೆ ಆಟದ ಸಾಮಾನಿನಂತೆ ಯಾರೂ ಮುಟ್ಟಿರಲಿಲ್ಲ.

ಜುಲೈ ಕೊನೆಗೆ ಒಂದು ಮಧ್ಯಾಹ್ನ ಕಂಕುಬೆನ್ ನೇರವಾಗಿ ಕೇಳಿದಳು, ನಿನ್ನ ಬಾ ನಿನಗೆ ಏಕೆ ಹಾಕಿಸಲಿಲ್ಲ ಎಂದು. ಇಲ್ಲಿ ತಾಯಿಗೆ ಬಾ ಎನ್ನುತ್ತಾರೆ. ಇಂಥ ಪ್ರಶ್ನೆಗೆ ನಮಗೆ ಕಲಿಸಿದ ಉತ್ತರವೊಂದಿತ್ತು, ಅವಳಿಗೆ ತಿಳಿಯಲಿಲ್ಲ, ನೀನು ತಿಳಿದವಳು ಎಂದು. ಆದರೆ ಒಂದು ತಿಂಗಳಿಂದ ಆ ವಿಷಯ ನನ್ನೊಳಗಿತ್ತು, ಮನೆಯಲ್ಲಿ ಹೇಳುವ ಹಾಗಿರಲಿಲ್ಲ, ಯಾರಿಗಾದರೂ ಹೇಳಬೇಕಿತ್ತು. ನಾನು ಕೈ ಚಾಚಿ ಆ ಎರಡು ಕಲೆ ತೋರಿಸಿದೆ. ನನ್ನ ಬಾ ಹಾಕಿಸಿದ್ದಳು, ಆ ಔಷಧ ಸತ್ತಿತ್ತು, ಈಗಿನದು ಒಳ್ಳೆಯದು, ಹತ್ತದಿದ್ದರೆ ಎಂಟು ದಿನ ಬಿಟ್ಟು ಮತ್ತೆ ಹಾಕುತ್ತೇವೆ, ನಾನೇ ಬಂದು ನೋಡುತ್ತೇನೆ ಎಂದೆ. ಅಷ್ಟು ಉದ್ದ ಮಾತು ನಾನು ಗುಜರಾತಿಯಲ್ಲಿ ಆಡಿದ್ದು ಅದೇ ಮೊದಲು.

ಅವಳು ನನ್ನ ಕೈ ನೋಡಿದಳು, ಮುಖ ನೋಡಿದಳು.

"ಅಂದ್ರೆ ನಿನ್ನ ಬಾ ಕೈಲಾದದ್ದು ಮಾಡಿದಳು. ಬರೋ ಮಾತಾಜಿ ಬಂದೇ ಬಂದಳು" ಎಂದಳು.

ಡಾಕ್ಟರು ಹೇಳಿದ ಹಾಗೆಯೇ, ಮೊದಲ ಅರ್ಧ ಮಾತ್ರ. ಚಂಪಾಳನ್ನು ನನ್ನ ಮಡಿಲಿನಿಂದ ಎತ್ತಿಕೊಂಡು ಒಳಗೆ ಹೋದಳು. ಮಗುವಿನ ಕೈ ಚುಚ್ಚಿಸಲಿಲ್ಲ. ಆದರೂ ಅವತ್ತು ಬಸ್ಸಿಗೆ ನಡೆಯುವಾಗ ನನಗೆ ಸಂತೋಷವಾಗಿತ್ತು ಅವ್ವ. ನಿನ್ನ ಪರವಾಗಿ ಒಬ್ಬರ ಎದುರಾದರೂ ಮಾತಾಡಿದೆ ಎಂದು.

ಆಗಸ್ಟಿನಲ್ಲಿ ಆ ಸಾಲಿಗೆ ಸಿಡುಬು ಬಂತು. ಚಂಪಾಳಿಗೂ ಬಂತು. ಹೇಗಿತ್ತೆಂದು ನಾನು ಬರೆಯುವುದಿಲ್ಲ, ನೀನು ನೋಡಿದ್ದೀ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದ್ದರು. ನನ್ನನ್ನು ಮಾತ್ರ ಒಳಗೆ ಬಿಟ್ಟರು, ನನಗೆ ಇನ್ನು ಬರುವ ಭಯವಿಲ್ಲವಲ್ಲ. ಚಂಪಾಳಿಗೆ ಕಣ್ಣು ಬಿಡಲಾಗುತ್ತಿರಲಿಲ್ಲ. ನಾನು ಬಂದಿದ್ದೇನೆಂದು ಹೇಳಿದಾಗ ಕೈ ಚಾಚಿದಳು, ನಾನು ಕೆನ್ನೆ ಕೊಟ್ಟೆ. ಮಾರನೆಯ ದಿನ ಹೋದಳು. ನಾನು ಕಚೇರಿಗೆ ಬಂದು ಬರೆದೆ. ಹೆಸರು ಚಂಪಾ, ವಯಸ್ಸು ನಾಲ್ಕು, ಕಲೆ ಇಲ್ಲ. ಅಕ್ಷರ ದುಂಡಾಗಿಯೇ ಬಂದವು. ಅದೇ ವಾರ ತಂಡ ಹೋಗಿ ಇಡೀ ಸಾಲಿಗೆ ಲಸಿಕೆ ಹಾಕಿತು. ಕಂಕುಬೆನ್ ಕೈಗೂಸನ್ನು ಎತ್ತಿಕೊಂಡು ತವರಿಗೆ ಹೋಗಿಬಿಟ್ಟಿದ್ದಳು.

ಹೋದ ವಾರ ಇಲ್ಲಿ ಶೀತಳಾ ಸಾತಮ್ ಹಬ್ಬ. ಹಿಂದಿನ ದಿನವೇ ಅಡುಗೆ ಮಾಡಿಟ್ಟು ಅವತ್ತು ಯಾರೂ ಒಲೆ ಹಚ್ಚುವುದಿಲ್ಲ. ಮಾತಾಜಿ ಮನೆಮನೆಗೆ ಬಂದು ಒಲೆಯ ಬೂದಿಯಲ್ಲಿ ಹೊರಳುತ್ತಾಳಂತೆ, ಕೆಂಡವಿದ್ದರೆ ಮೈ ಸುಟ್ಟು ಶಪಿಸುತ್ತಾಳಂತೆ. ಕಂಕುಬೆನ್ ಹಿಂದಿರುಗಿದ್ದಳು. ಪಕ್ಕದ ಮನೆಯವರ ಕೈಲಿ ನನಗೆ ಹೇಳಿಕಳಿಸಿದಳು, ಊಟಕ್ಕೆ ಬರಬೇಕೆಂದು. ಹೋದೆ. ಒಲೆ ಸಾರಿಸಿ ಕುಂಕುಮ ಹಚ್ಚಿ ತಣ್ಣಗೆ ಇಟ್ಟಿದ್ದಳು. ತಣ್ಣನೆಯ ಥೇಪ್ಲಾ ರೊಟ್ಟಿ, ಮೊಸರು, ಸಜ್ಜೆ ಹಿಟ್ಟಿಗೆ ತುಪ್ಪ ಬೆಲ್ಲ ಕಲಸಿದ ಉಂಡೆ ಬಡಿಸಿದಳು. ನಾನು ಅಳಬಹುದೆಂದು ಹೆದರಿದ್ದೆ. ಅಳು ಬರಲಿಲ್ಲ. ಬಡಿಸಿದ್ದನ್ನೆಲ್ಲ ತಿಂದೆ.

"ಎಲ್ಲರೂ ಬಂದು ನನ್ನನ್ನೇ ಬೈದರು. ಡಾಕ್ಟರೂ ಬೈದರು, ಗಂಡನೂ ಬೈದ" ಎಂದಳು ಅವಳು. "ನೀನೊಬ್ಬಳೇ ಮೊದಲೇ ನಿಜ ಹೇಳಿದ್ದೆ ಬೆನ್. ಹಾಕಿಸಿದ್ರೂ ಬರ್ತಿತ್ತು. ಅದನ್ನ ನೆನೆದೇ ನಾನು ನಿದ್ದೆ ಮಾಡ್ತೀನಿ."

ಆಮೇಲೆ ಆ ಗಂಡುಕೂಸನ್ನು ತಂದು ನನ್ನ ಮಡಿಲಿಗೆ ಹಾಕಿದಳು, ಹರಸಲಿ ಎಂದು. ಅದರ ಎಡಗೈ ನೋಡಿದೆ. ಅಭ್ಯಾಸ. ನುಣ್ಣಗಿತ್ತು. ಇದಕ್ಕಾದರೂ ಎಂದು ನಾನು ಬಾಯಿ ತೆರೆದೆ. ಇವತ್ತಿನ ದಿನ ಆ ಮಾತು ಬೇಡ ಎಂದು ಅವಳು ತಡೆದಳು. ಸಿಟ್ಟಿನಿಂದಲ್ಲ, ಅಕ್ಕರೆಯಿಂದಲೇ.

ನಮಗೆ ಕಲಿಸಿದ್ದ ಉತ್ತರವನ್ನೇ ನಾನು ಹೇಳಿದ್ದರೆ ಚಂಪಾ ಉಳಿಯುತ್ತಿದ್ದಳೇ ಎಂದು ಡಾಕ್ಟರನ್ನು ಕೇಳಿದೆ. ಅದು ಯಾರಿಗೂ ತಿಳಿಯುವ ವಿಷಯವಲ್ಲ ಎಂದರು. ಅವರು ಸುಳ್ಳು ಸಮಾಧಾನ ಹೇಳುವವರಲ್ಲ. ಹಾಗೆಯೇ ಚಿತ್ರಪತ್ರದ ಮಾತನ್ನು ಮತ್ತೊಮ್ಮೆ ಎತ್ತಿದರು. ಈ ಸಲ ನನ್ನ ಮುಖ ನೋಡದೆ ಕೇಳಿದರು.

ಆ ಕೂಸಿನ ನುಣ್ಣನೆಯ ಕೈ ನೋಡಿ ಬಂದ ಮೇಲೆ, ಆಗುವುದಿಲ್ಲ ಎಂದು ಮತ್ತೆ ಹೇಳಲು ನನ್ನಿಂದಾಗಲಿಲ್ಲ. ಅದಕ್ಕೇ ನಿನಗೆ ಬರೆಯುತ್ತಿದ್ದೇನೆ. ಅದರಲ್ಲಿ ನಿನ್ನ ಹೆಸರು ಇರುವುದಿಲ್ಲ. ಆದರೆ ಮುಖ ನನ್ನದು, ನನ್ನ ತಾಯಿ ನೀನು. ಸೂರತ್ತಿನಲ್ಲಿ ನಮ್ಮ ಕಡೆಯ ಹೋಟೆಲಿನವರಿದ್ದಾರೆ, ಅಹಮದಾಬಾದಿನಲ್ಲಿ ರೈಲ್ವೆಯವರಿದ್ದಾರೆ, ಅವರಿಗೆ ಗುಜರಾತಿ ಓದಲು ಬರುತ್ತದೆ. ಯಾರಾದರೊಬ್ಬರು ರಜೆಗೆ ಬಂದಾಗ ನಮ್ಮ ರಾಣೆಬೆನ್ನೂರಿನಲ್ಲಿ ಹೇಳಿಯೇ ಹೇಳುತ್ತಾರೆ. ಅಜ್ಜಿಯಂತೂ 'ನಾನು ಅಂದದ್ದು ಈಗ ಗೋಡೆಯ ಮೇಲೆ ಬಂತು' ಎನ್ನುತ್ತಾಳೆ. ನೀನು ಕಪ್ಪುಗಳನ್ನು ತೆಗೆದುಕೊಂಡು ಒಳಗೆ ಹೋಗಬೇಕಾಗುತ್ತದೆ, ಇನ್ನು ಎಷ್ಟು ವರ್ಷವೋ.

ನಿನಗೆ ಬೇಡವಾದರೆ ನಾನು ಫೋಟೋಗೆ ನಿಲ್ಲುವುದಿಲ್ಲ. ಹೂಂ ಎಂದೋ ಬ್ಯಾಡ ಎಂದೋ ಒಂದು ಕಾರ್ಡಿನಲ್ಲಿ ಬರೆದು ಹಾಕು, ಬೇರೆ ಯಾರಿಗೂ ಅರ್ಥವಾಗುವುದಿಲ್ಲ. ನಿನ್ನ ಉತ್ತರ ಬಂದ ಮೇಲೆ ಹೇಳುತ್ತೇನೆಂದು ಡಾಕ್ಟರಿಗೆ ತಿಳಿಸಿದ್ದೇನೆ. ಅವರು ಕಾಯುತ್ತಾರೆ.

ನನ್ನ ಆರೋಗ್ಯ ಚೆನ್ನಾಗಿದೆ. ಊಟ ಸೇರುತ್ತದೆ, ನಿದ್ದೆಯೂ ಬರುತ್ತದೆ. ಅದು ಸರಿಯೋ ತಪ್ಪೋ ತಿಳಿಯುತ್ತಿಲ್ಲ.

ನೀನು ಎತ್ತಿಕೊಂಡು ಹೋಗಿದ್ದ ಮಗಳು,
ನಳಿನಿ

ತಾ.ಕ.: ಕಾಯುತ್ತಾರೆ ಎಂದು ಬರೆದದ್ದು ಸುಳ್ಳು. ಫೋಟೋ ಶುಕ್ರವಾರವೇ ತೆಗೆದಾಯಿತು. ಅತ್ತಿಗೆಯ ಕುಪ್ಪಸ ಹಾಕಿಕೊಂಡು ಹೋಗಿದ್ದೆ. ಮದುವೆಗೆ ಕೊಡುವ ಫೋಟೋ ಎಂದು ಅವಳಿಗೆ ಹೇಳಿದೆ, ಅವಳು ತಾನಾಗಿಯೇ ಮಲ್ಲಿಗೆ ಮುಡಿಸಿದಳು. ಸ್ಟುಡಿಯೋ ಮೆಟ್ಟಿಲಲ್ಲಿ ಅದನ್ನು ತೆಗೆದೆ. ಈ ಪತ್ರ ನಿನ್ನ ಕೈ ಸೇರುವ ಹೊತ್ತಿಗೆ ಅಚ್ಚಿಗೆ ಹೋಗಿರುತ್ತದೆ. ಆದ್ದರಿಂದ ಹೂಂ, ಬ್ಯಾಡ ಎರಡನ್ನೂ ಬರೆಯಬೇಡ. ಅವತ್ತು ಅಜ್ಜಿಗೆ ಏನು ನೆಪ ಹೇಳಿ ಹೊರಟೆ, ಯಾವ ಊರಲ್ಲಿ ಹಾಕಿಸಿದೆ, ನಾನು ಅತ್ತೆನೋ ಇಲ್ಲವೋ, ಅಷ್ಟು ಬರೆ.